ತಲೆ ಬಂತು, ಭುಜ ಸಿಕ್ಕಿಕೊಂಡಿತು: ಎರಡನೇ ಹೆರಿಗೆಗೆ ಹೇಗೆ ತಯಾರಾಗಲಿ?

ಪ್ರಶ್ನೆ: ಮೇಡಂ, ನಮ್ಮದು ಸಕಲೇಶಪುರದಿಂದ ಒಳಗೆ, ಹಾನುಬಾಳು ಕಡೆಯ ಒಂದು ಹಳ್ಳಿ. ನನಗೆ 29 ವರ್ಷ. ಎರಡೂವರೆ ವರ್ಷದ ಹಿಂದೆ ಮೊದಲ ಹೆರಿಗೆ ಆಯಿತು. ಎಲ್ಲರೂ ಅದನ್ನು ನಾರ್ಮಲ್ ಅನ್ನುತ್ತಾರೆ, ನನಗೆ ಮಾತ್ರ ಹಾಗೆ ಅನಿಸಿಲ್ಲ. ಒಂದು ಹಗಲು ಒಂದು ರಾತ್ರಿ ನೋವು ತಿಂದೆ. ಕೊನೆಗೆ ಮಗುವಿನ ತಲೆಗೆ ಬಟ್ಟಲಿನಂಥ ವ್ಯಾಕ್ಯೂಮ್ ಹಾಕಿ ಎಳೆದರು. ತಲೆ ಬಂತು, ಆಮೇಲೆ ಮಗು ಬರಲೇ ಇಲ್ಲ. ಸಿಸ್ಟರ್ ಒಬ್ಬರು "ಸಿಕ್ಕಿಕೊಂಡಿದೆ, ಇನ್ನೊಬ್ಬರನ್ನ ಕರೀರಿ" ಅಂತ ಕೂಗಿದ್ದು ಇವತ್ತಿಗೂ ಕಿವಿಯಲ್ಲಿದೆ. ಇಬ್ಬರು ನನ್ನ ಕಾಲು ಹಿಡಿದು ಹೊಟ್ಟೆಯ ಕಡೆ ಮಡಿಸಿದರು, ಒಬ್ಬರು ಹೊಟ್ಟೆ ಒತ್ತಿದರು. ಮಗ ಹುಟ್ಟಿದ ಕೂಡಲೇ ಅಳಲಿಲ್ಲ. ತೂಕ 4 ಕೆಜಿ 200 ಗ್ರಾಂ. ಬಲಗೈ ಎತ್ತುತ್ತಿರಲಿಲ್ಲ, ಎರಡೂವರೆ ತಿಂಗಳಿಗೆ ಸರಿಯಾಯಿತು, ಈಗ ಅದೇ ಕೈಯಲ್ಲಿ ಚೆಂಡು ಎಸೆಯುತ್ತಾನೆ. ನನ್ನನ್ನು ಥಿಯೇಟರ್‌ಗೆ ಕರೆದುಕೊಂಡು ಹೋಗಿ ಹೊಲಿಗೆ ಹಾಕಿದರು, ಹಿಂದಿನ ತನಕ ಹರಿದಿದೆ ಅಂದರು. ಆರು ತಿಂಗಳು ಗ್ಯಾಸ್ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಈಗಲೂ ಕೆಲವು ಸಲ ಹಾಗಾಗುತ್ತದೆ. ಇದನ್ನು ನಮ್ಮನೆಯವರಿಗೂ ಹೇಳಿಲ್ಲ.

ಈಗ 30 ವಾರ. ಜುಲೈ ಕೊನೆಗೆ ದಿನ ತುಂಬುತ್ತದೆ. ಮೊನ್ನೆಯ ಸ್ಕ್ಯಾನಿಂಗ್‌ನಲ್ಲಿ ಮಗು ವಾರಕ್ಕಿಂತ ದೊಡ್ಡದಿದೆ ಅಂತ ಬಂದಿದೆ. ಶುಗರ್ ಟೆಸ್ಟ್ ಮೂರನೇ ತಿಂಗಳಲ್ಲಿ ಮಾಡಿಸಿದ್ದೆ, ನಾರ್ಮಲ್ ಇತ್ತು. ಅತ್ತೆ "ಮೊದಲನೆಯದು ದಾರಿ ಮಾಡಿದೆ, ಎರಡನೆಯದು ಸಲೀಸು" ಅನ್ನುತ್ತಾರೆ. ಅಮ್ಮ "ಸುಮ್ನೆ ಆಪರೇಷನ್ ಮಾಡಿಸಿಕೋ" ಅನ್ನುತ್ತಾಳೆ. ಡಾಕ್ಟರ್ "ನೋಡೋಣ, ಇನ್ನೂ ಟೈಮ್ ಇದೆ" ಅಂದರು. ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ. ಏನು ಮಾಡಲಿ, ಏನು ಕೇಳಲಿ?
ಹೆಸರು ಬೇಡ, ಸಕಲೇಶಪುರ ತಾಲ್ಲೂಕು

ಉತ್ತರ: ಹೆಸರು ಹಾಕಿಲ್ಲ ನೋಡಿ, ಧೈರ್ಯವಾಗಿ ಓದಿ. ನಿಮಗೆ ಆದದ್ದು ನಾರ್ಮಲ್ ಹೆರಿಗೆ ಅಲ್ಲ. ನಿಮಗೆ ಅನಿಸಿದ್ದೇ ಸರಿ. ಕೆಳಗಿನಿಂದ ಆಯಿತು ಅಂದರೆ ಸಾಕು, ಅದನ್ನು ನಾರ್ಮಲ್ ಅಂದುಬಿಡುವ ರೂಢಿ ನಮ್ಮಲ್ಲಿದೆ. ಡಾಕ್ಟರ್‌ಗಳಾದ ನಾವೂ ಹಾಗೇ ಮಾಡುತ್ತೇವೆ. ಹೊಸ ತಾಯಿ ಕಾರ್ಡ್ ಬರೆಯುವಾಗ "ಮೊದಲ ಹೆರಿಗೆ ಹೇಗಾಯಿತು" ಅಂತ ಕೇಳುತ್ತಾರೆ, ನೀವು "ನಾರ್ಮಲ್" ಅನ್ನುತ್ತೀರಿ, ಅವರು ಎಫ್‌ಟಿಎನ್‌ಡಿ ಅಂತ ನಾಲ್ಕು ಅಕ್ಷರ ಬರೆಯುತ್ತಾರೆ. ದಿನ ತುಂಬಿ ಆದ ನಾರ್ಮಲ್ ಹೆರಿಗೆ ಅಂತ ಅದರ ಅರ್ಥ. ಒಂದು ಹಗಲು ಒಂದು ರಾತ್ರಿಯ ನೋವು, ವ್ಯಾಕ್ಯೂಮ್, ಸಿಕ್ಕಿಕೊಂಡ ಭುಜ, ಏಳದ ಕೈ, ಥಿಯೇಟರ್‌ನ ಹೊಲಿಗೆ, ಎಲ್ಲವೂ ಆ ನಾಲ್ಕು ಅಕ್ಷರದ ಹಿಂದೆ ಮುಚ್ಚಿಹೋಗುತ್ತದೆ. ನಿಮ್ಮ ಡಾಕ್ಟರ್ "ನೋಡೋಣ" ಅಂದದ್ದು ಇದೇ ಕಾರಣಕ್ಕೆ ಇರಬಹುದು. ನೀವು ನನಗೆ ಬರೆದಿದ್ದನ್ನು ಅವರಿಗೆ ಹೇಳಿದ್ದೀರಾ? ಗ್ಯಾಸಿನ ವಿಷಯ ಮನೆಯವರಿಗೂ ಹೇಳಿಲ್ಲ ಅಂದ ಮೇಲೆ ಡಾಕ್ಟರ್‌ಗೂ ಹೇಳಿರಲಿಕ್ಕಿಲ್ಲ ಅಂತ ನನ್ನ ಅನುಮಾನ.

ಹಾಗಾಗಿ ಮೊದಲ ಕೆಲಸ, ಹಳೆಯ ಕಾಗದ ಹುಡುಕಿ. ಡಿಸ್ಚಾರ್ಜ್ ಸಮರಿ ಮನೆಯಲ್ಲಿ ಟ್ರಂಕಿನಲ್ಲೋ ಬೀರುವಿನಲ್ಲೋ ಇದ್ದರೆ ಒಳ್ಳೆಯದು. ಆದರೆ ಅದು ಒಂದೇ ಹಾಳೆ, ಅದರಲ್ಲಿ ಎಲ್ಲವೂ ಇರುವುದಿಲ್ಲ. ಹೆರಿಗೆ ಆದ ಆಸ್ಪತ್ರೆಗೆ ಯಜಮಾನರನ್ನು ಕಳಿಸಿ ಕೇಸ್ ಶೀಟಿನ, ಅಂದರೆ ಆವತ್ತು ಬರೆದಿಟ್ಟ ಪೂರ್ತಿ ದಾಖಲೆಯ, ಪ್ರತಿ ಕೇಳಿಸಿ. ಒಂದು ಅರ್ಜಿ ಬರೆದುಕೊಟ್ಟರೆ 72 ಗಂಟೆಯೊಳಗೆ ಕೊಡಬೇಕು ಅಂತ 2002ರ ವೈದ್ಯಕೀಯ ಮಂಡಳಿ ನಿಯಮದಲ್ಲೇ ಇದೆ. ಅದೇ ನಿಯಮದ ಪ್ರಕಾರ ದಾಖಲೆಯನ್ನು 3 ವರ್ಷ ಇಟ್ಟಿರಬೇಕು. ನಿಮ್ಮದು ಎರಡೂವರೆ ವರ್ಷ ಆಗಿದೆ ಅಂದಿರಿ, ಅಂದರೆ ಉಳಿದಿರುವುದು ಕೆಲವೇ ತಿಂಗಳು. ಈ ವಾರವೇ ಹೋಗಿ. ಜಗಳಕ್ಕೆ ಬಂದಿಲ್ಲ, ಈ ಸಲದ ಹೆರಿಗೆಗೆ ಬೇಕು ಅಂತ ನೇರವಾಗಿ ಹೇಳಿದರೆ ಹೆಚ್ಚಿನವರು ಕೊಡುತ್ತಾರೆ.

ಆ ಕಾಗದದಲ್ಲಿ ನಿಮ್ಮ ಡಾಕ್ಟರ್ ಹುಡುಕುವುದು ಇಷ್ಟು. ತಲೆ ಬಂದ ಮೇಲೆ ಮೈ ಬರಲು ಎಷ್ಟು ನಿಮಿಷ ಹಿಡಿಯಿತು, ಭುಜ ಬಿಡಿಸಲು ಏನೇನು ಮಾಡಿದರು, ವ್ಯಾಕ್ಯೂಮ್ ಯಾಕೆ ಹಾಕಿದರು, ಹರಿದದ್ದು ಎಷ್ಟನೇ ಡಿಗ್ರಿ (ಅಂದರೆ ಎಷ್ಟು ಆಳ), ರಕ್ತ ಎಷ್ಟು ಹೋಯಿತು, ನಿಮ್ಮ ಶುಗರ್ ಎಷ್ಟಿತ್ತು. ಕಾಗದ ಸಿಗಲೇ ಇಲ್ಲವೋ, ನನಗೆ ಬರೆದ ಈ ಪತ್ರವನ್ನೇ ಇನ್ನೊಂದು ಸಲ ಬರೆದು ಮುಂದಿನ ಚೆಕಪ್‌ಗೆ ತೆಗೆದುಕೊಂಡು ಹೋಗಿ, ಡಾಕ್ಟರ್ ಕೈಗೆ ಕೊಡಿ. ಬಾಯಲ್ಲಿ ಹೇಳಲು ಆಗದ್ದು ಕಾಗದದಲ್ಲಿ ಹೇಳಬಹುದು, ಅಲ್ವಾ?

ಈಗ ಆವತ್ತು ಏನಾಯಿತು ಅಂತ ನೋಡೋಣ. ಮಗುವಿನ ತಲೆ ಹೊರಗೆ ಬಂದ ಮೇಲೆ ಮುಂದಿನ ಭುಜ ತಾಯಿಯ ಸೊಂಟದ ಮುಂಭಾಗದ ಮೂಳೆಯ ಹಿಂದೆ ತಗಲಿ ನಿಲ್ಲುತ್ತದೆ. ಇದಕ್ಕೆ ಶೋಲ್ಡರ್ ಡಿಸ್ಟೋಸಿಯಾ ಅನ್ನುತ್ತಾರೆ. 1000 ಹೆರಿಗೆಯಲ್ಲಿ ಸುಮಾರು 6-7ರಲ್ಲಿ ಆಗುತ್ತದೆ. ದೊಡ್ಡ ಮಗು ಇದ್ದರೆ, ಶುಗರ್ ಇದ್ದರೆ, ನೋವು ತುಂಬ ಹೊತ್ತು ಎಳೆದರೆ, ವ್ಯಾಕ್ಯೂಮ್ ಹಾಕಿದರೆ ಜಾಸ್ತಿ. ಹಾಗಂತ ಬರೀ ದೊಡ್ಡ ಮಗುವಿಗೆ ಆಗುವುದಲ್ಲ, ಹೀಗೆ ಸಿಕ್ಕಿಕೊಂಡ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು 4 ಕೆಜಿಗಿಂತ ಕಡಿಮೆ ತೂಕದವೇ. ಆಗ ಕೈಯಲ್ಲಿರುವುದು ಕೆಲವೇ ನಿಮಿಷ. ತಲೆ ಹಿಡಿದು ಎಳೆದಷ್ಟೂ ಕತ್ತಿನಿಂದ ಕೈಗೆ ಹೋಗುವ ನರಗಳು ಹಿಗ್ಗುತ್ತವೆ. ನಿಮ್ಮ ಮಗನ ಬಲಗೈ ಏಳದೆ ಇದ್ದದ್ದು ಅದಕ್ಕೇ. ಹೀಗೆ ನರಕ್ಕೆ ಪೆಟ್ಟಾದ ಮಕ್ಕಳಲ್ಲಿ ಶಾಶ್ವತವಾಗಿ ಉಳಿಯುವುದು 100ಕ್ಕೆ 10ಕ್ಕಿಂತ ಕಡಿಮೆ. ಅವನು ಚೆಂಡು ಎಸೆಯುತ್ತಾನೆ ಅನ್ನುವ ಸಾಲು ಓದಿ ನನಗೆ ನಿಜಕ್ಕೂ ಸಮಾಧಾನವಾಯಿತು.

ಇಬ್ಬರು ಕಾಲು ಮಡಿಸಿದರು ಅಂದಿರಲ್ಲ, ಅವರು ಮಾಡಿದ್ದು ಸರಿ. ಎರಡೂ ತೊಡೆ ಹೊಟ್ಟೆಗೆ ಒತ್ತುವ ಹಾಗೆ ಮಡಿಸಿದರೆ ಸೊಂಟದ ಮೂಳೆ ಸ್ವಲ್ಪ ಹೊರಳಿ ಭುಜಕ್ಕೆ ಜಾಗ ಸಿಗುತ್ತದೆ. ಎಷ್ಟೋ ಸಲ ಅಷ್ಟರಲ್ಲೇ ಮಗು ಬಂದುಬಿಡುತ್ತದೆ. ಹೊಟ್ಟೆ ಒತ್ತಿದ್ದು ಮಾತ್ರ ಎಲ್ಲಿ ಅನ್ನುವುದು ಮುಖ್ಯ. ಕೆಳಗೆ, ಕೂದಲು ಶುರುವಾಗುವ ಜಾಗದ ಮೂಳೆಯ ಸ್ವಲ್ಪ ಮೇಲೆ ಒತ್ತಿದರೆ ಭುಜ ಜಾರುತ್ತದೆ. ಮೇಲೆ, ಎದೆಗೂಡಿನ ಕೆಳಗೆ ಗರ್ಭಕೋಶದ ತಲೆಯ ಮೇಲೆ ಒತ್ತಿದರೆ ಭುಜ ಇನ್ನೂ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ, ಅದನ್ನು ಮಾಡಬಾರದು. ನಿಮಗೆ ಎಲ್ಲಿ ಒತ್ತಿದರು ಅಂತ ನಾನು ಇಲ್ಲಿ ಕೂತು ಹೇಳಲಾರೆ, ಅವರನ್ನು ದೂರುವುದೂ ಇಲ್ಲ. ಯಾಕೆ ಹೇಳಿದೆ ಅಂದರೆ ಈ ಸಲ ನೀವು ಆರಿಸುವ ಜಾಗದಲ್ಲಿ ಈ ವ್ಯತ್ಯಾಸ ಗೊತ್ತಿರುವ ಕೈಗಳು ಇರಬೇಕು.

ಅತ್ತೆಯವರ ಮಾತಿಗೆ ಬರುತ್ತೇನೆ. ಅವರ ಮಾತಿನಲ್ಲಿ ಅರ್ಧ ನಿಜ ಇದೆ. ಎರಡನೇ ಹೆರಿಗೆಯಲ್ಲಿ ಗರ್ಭಕೋಶದ ಬಾಯಿ ಬೇಗ ತೆರೆಯುತ್ತದೆ, ನೋವಿನ ಹೊತ್ತು ಕಡಿಮೆ. ಆದರೆ ಮೊದಲನೆಯದು ದಾರಿ ಮಾಡುವುದು ಮಾಂಸದಲ್ಲಿ, ಮೂಳೆಯಲ್ಲಿ ಅಲ್ಲ. ಭುಜ ಸಿಕ್ಕಿಕೊಂಡದ್ದು ಮೂಳೆಗೆ. ಸಾಮಾನ್ಯವಾಗಿ ಎರಡನೇ ಮಗು ಮೊದಲನೆಯದಕ್ಕಿಂತ ಸ್ವಲ್ಪ ತೂಕ ಜಾಸ್ತಿಯೇ ಇರುತ್ತದೆ. ಒಮ್ಮೆ ಹೀಗಾದವರಿಗೆ ಮತ್ತೆ ಆಗುವ ಸಂಭವ ಉಳಿದವರಿಗಿಂತ ಹತ್ತು ಪಟ್ಟಿನಷ್ಟಾದರೂ ಹೆಚ್ಚು. ಬೇರೆ ಬೇರೆ ಕಡೆ ಲೆಕ್ಕ ಹಾಕಿದ್ದು 100ಕ್ಕೆ 1ರಿಂದ 25ರ ತನಕ ಹರಡಿದೆ. ಅಂದರೆ ಬಹಳ ಜನಕ್ಕೆ ಮತ್ತೆ ಆಗುವುದಿಲ್ಲ. ಆದರೂ ಕಣ್ಣು ಮುಚ್ಚಿಕೊಂಡು ಹೋಗುವಷ್ಟು ಸಣ್ಣ ಸಂಖ್ಯೆಯೂ ಅಲ್ಲ. ಇದನ್ನು ಅತ್ತೆಯವರಿಗೆ ಓದಿ ಹೇಳಿ. ಅವರೂ ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದಾರೆ.

ಎರಡನೇ ಕೆಲಸ, ಶುಗರ್ ಟೆಸ್ಟ್. ಮೂರನೇ ತಿಂಗಳಲ್ಲಿ ನಾರ್ಮಲ್ ಬಂದಿದ್ದು ಈಗ ಲೆಕ್ಕಕ್ಕಿಲ್ಲ. ಬಸುರಿಯ ಶುಗರ್ ಏರುವುದು ಐದಾರು ತಿಂಗಳ ನಂತರ. ಅದಕ್ಕೇ ನಮ್ಮ ಸರ್ಕಾರಿ ಪದ್ಧತಿಯಲ್ಲಿ ಮೊದಲ ಭೇಟಿಯಲ್ಲಿ ಒಂದು ಸಲ, ಮತ್ತೆ 24ರಿಂದ 28 ವಾರದೊಳಗೆ ಇನ್ನೊಂದು ಸಲ ಮಾಡುತ್ತಾರೆ. 75 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ನೋಡುತ್ತಾರೆ, ಊಟ ಮಾಡಿ ಹೋಗಿದ್ದರೂ ನಡೆಯುತ್ತದೆ. 140 ಅಥವಾ ಮೇಲೆ ಬಂದರೆ ಬಸುರಿತನದ ಶುಗರ್ ಇದೆ ಅಂತ. ನಿಮ್ಮ ಎರಡನೇ ಟೆಸ್ಟ್ ತಪ್ಪಿಹೋಗಿದೆ. 30 ವಾರ ಆಯಿತಲ್ಲ ಅಂತ ಬಿಡಬೇಡಿ, ನಾಳೆಯೇ ಮಾಡಿಸಿ, ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗುತ್ತದೆ. ಮೊದಲನೆಯದು 4 ಕೆಜಿ 200, ಈಗಲೂ ವಾರಕ್ಕಿಂತ ಮುಂದೆ. ಇಷ್ಟಿದ್ದರೆ ನಾನು ಮೊದಲು ನೋಡುವುದೇ ಶುಗರ್. ಶುಗರ್ ಇರುವ ತಾಯಿಯ ಮಗುವಿಗೆ ತಲೆಗಿಂತ ಭುಜ, ಎದೆ, ಹೊಟ್ಟೆಯಲ್ಲಿ ಕೊಬ್ಬು ತುಂಬುತ್ತದೆ. ಹಾಗಾಗಿ ಅದೇ 4 ಕೆಜಿ ಮಗುವಾದರೂ ಭುಜ ಸಿಗುವ ಅಪಾಯ ಜಾಸ್ತಿ. ಒಳ್ಳೆಯ ಸಂಗತಿ ಏನೆಂದರೆ ಇದು ನಮ್ಮ ಕೈಯಲ್ಲಿರುವ ವಿಷಯ. ಇನ್ನೂ ಎರಡು ತಿಂಗಳಿದೆ, ಶುಗರ್ ಇದ್ದು ಅದನ್ನು ಹಿಡಿತಕ್ಕೆ ತಂದರೆ ಮಗು ಅತಿಯಾಗಿ ಬೆಳೆಯುವುದು ಕಡಿಮೆಯಾಗುತ್ತದೆ.

ಸ್ಕ್ಯಾನಿಂಗ್‌ನ ತೂಕದ ಬಗ್ಗೆ ಒಂದು ಎಚ್ಚರಿಕೆ. ಅದು ತಕ್ಕಡಿ ಅಲ್ಲ. ತಲೆ, ಹೊಟ್ಟೆ, ತೊಡೆ ಮೂಳೆಯ ಅಳತೆ ತೆಗೆದು ಯಂತ್ರ ಹಾಕಿದ ಅಂದಾಜು. ದಿನ ತುಂಬಿದಾಗ 100ಕ್ಕೆ 10-15ರಷ್ಟು ಆಚೀಚೆ ಆಗುವುದು ಮಾಮೂಲು. ರಿಪೋರ್ಟಿನಲ್ಲಿ 4 ಕೆಜಿ ಅಂತ ಇದ್ದರೆ ಹುಟ್ಟುವ ಮಗು ಮೂರೂವರೆಯೂ ಇರಬಹುದು, ನಾಲ್ಕೂವರೆಯೂ ಇರಬಹುದು. ಇದಕ್ಕೇ ಬರೀ ತೂಕ ನೋಡಿ ಆಪರೇಷನ್ ಅನ್ನುವುದು ತಪ್ಪು. 1996ರಲ್ಲಿ ಅಮೆರಿಕದಲ್ಲಿ ಒಂದು ಲೆಕ್ಕ ಹಾಕಿದರು. ಶುಗರ್ ಇಲ್ಲದ ತಾಯಂದಿರಿಗೆ, ಮಗು ನಾಲ್ಕೂವರೆ ಕೆಜಿ ಇರಬಹುದು ಅಂತ ಸ್ಕ್ಯಾನ್ ನೋಡಿ ಸಿಸೇರಿಯನ್ ಮಾಡುತ್ತಾ ಹೋದರೆ, ಒಂದು ಮಗುವಿನ ಕೈಯ ಶಾಶ್ವತ ಊನ ತಪ್ಪಿಸಲು 3695 ಸಿಸೇರಿಯನ್ ಬೇಕಾಗುತ್ತದೆ. ಶುಗರ್ ಇದ್ದರೆ 443. ಅಲ್ಲಿನ ಡಾಕ್ಟರ್‌ಗಳು ಈಗಲೂ ಬರೀ ತೂಕದ ಮೇಲೆ ಆಪರೇಷನ್ ಮಾತು ಎತ್ತುವುದು ಶುಗರ್ ಇದ್ದರೆ ನಾಲ್ಕೂವರೆ ಕೆಜಿಗೆ, ಇಲ್ಲದಿದ್ದರೆ 5 ಕೆಜಿಗೆ. ನಮ್ಮಲ್ಲಿ ಮಕ್ಕಳ ತೂಕವೇ ಸರಾಸರಿ 3 ಕೆಜಿಯ ಒಳಗೆ, ತಾಯಂದಿರ ಮೈಕಟ್ಟೂ ಚಿಕ್ಕದು, ಹಾಗಾಗಿ ಆ ಸಂಖ್ಯೆಯನ್ನು ಹಾಗೇ ತಂದು ನಮಗೆ ಅಂಟಿಸಲಾಗದು. ಆದರೆ ನಿಮ್ಮ ಅಮ್ಮನಿಗೆ ನಾನು ಹೇಳಬೇಕಾದದ್ದು ಇದು. ಈ ಲೆಕ್ಕ ಎಲ್ಲ ಬಸುರಿಯರನ್ನೂ ಒಟ್ಟಿಗೆ ಹಿಡಿದು ಹಾಕಿದ್ದು, ಹಿಂದೆ ಭುಜ ಸಿಕ್ಕಿದವರಿಗೆ ಅಂತ ಹಾಕಿದ್ದಲ್ಲ. ನಿಮ್ಮ ಮಗಳದ್ದು ಬೇರೆ. ಅವಳ ವಿಷಯದಲ್ಲಿ ನಿರ್ಧಾರ ಮಾಡಬೇಕಾದದ್ದು ಸ್ಕ್ಯಾನಿನ ತೂಕಕ್ಕಿಂತ ಹಿಂದಿನ ಹೆರಿಗೆಯ ಕಥೆ.

ನಿಮ್ಮ ಮುಂದೆ ಮೂರು ದಾರಿ ಇವೆ. ಒಂದು, 39 ವಾರಕ್ಕೆ ದಿನ ಗೊತ್ತುಮಾಡಿ ಸಿಸೇರಿಯನ್. ಭುಜ ಸಿಗುವ ಭಯ ಬಹುಪಾಲು ಹೋಗುತ್ತದೆ, ಹಳೆಯ ಹೊಲಿಗೆ ಮತ್ತೆ ಹರಿಯುವುದಿಲ್ಲ. ಆದರೆ ಅದು ಹೊಟ್ಟೆಯ ಆಪರೇಷನ್. ರಕ್ತ ಹೋಗುವುದು, ಗಾಯಕ್ಕೆ ಸೋಂಕು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು, ಇವೆಲ್ಲ ಸಾಮಾನ್ಯ ಹೆರಿಗೆಗಿಂತ ಜಾಸ್ತಿ. ಎರಡೂವರೆ ವರ್ಷದ ಮಗನನ್ನು ಕೆಲವು ವಾರ ಎತ್ತುವ ಹಾಗಿಲ್ಲ. ಮೂರನೇ ಮಗು ಬೇಕು ಅಂತಿದ್ದರೆ ಈಗಲೇ ಹೇಳಿ, ಯಾಕೆಂದರೆ ಸಿಸೇರಿಯನ್ ಗಾಯದ ಮೇಲೆ ಮುಂದಿನ ಸಲ ಕಸ (ಮಾಸು) ಅಂಟಿಕೊಳ್ಳುವ ಅಪಾಯ ಇರುತ್ತದೆ. ಕಾರಣ ಇಲ್ಲದೆ 39 ವಾರಕ್ಕಿಂತ ಮುಂಚೆ ಮಾಡಿಸಬೇಡಿ, ಮಗುವಿಗೆ ಉಸಿರಾಟದ ತೊಂದರೆ ಬರುವ ಸಂಭವ ಹೆಚ್ಚು. ಒಳ್ಳೆಯ ನಕ್ಷತ್ರ, ಒಳ್ಳೆಯ ಗಳಿಗೆ ಅಂತ 37 ವಾರಕ್ಕೇ ಕೇಳಿಕೊಂಡು ಬರುವವರಿಗೂ ನಾನು ಇದನ್ನೇ ಹೇಳುತ್ತೇನೆ.

ಎರಡನೆಯದು, ಮಗು ಇನ್ನಷ್ಟು ಬೆಳೆಯುವ ಮುಂಚೆ, 38-39 ವಾರದಲ್ಲಿ ನೋವು ಬರಿಸುವುದು. ಜೆಲ್ ಇಟ್ಟು, ಡ್ರಿಪ್ ಹಾಕಿ ಮಾಡುತ್ತಾರೆ. ಕೊನೆಯ ವಾರಗಳಲ್ಲಿ ಮಗು ವಾರಕ್ಕೆ ಸುಮಾರು 200 ಗ್ರಾಂ ಏರುತ್ತದೆ. ಬ್ರಿಟನ್‌ನಲ್ಲಿ ದೊಡ್ಡ ಮಗು ಇರುವ, ಶುಗರ್ ಇಲ್ಲದ ಸುಮಾರು 2900 ಬಸುರಿಯರ ಮೇಲೆ ಇದನ್ನು ನೋಡಿದರು, ಫಲಿತಾಂಶ 2025ರಲ್ಲಿ ಬಂತು. 38 ವಾರಕ್ಕೆ ನೋವು ಬರಿಸಿದವರಲ್ಲಿ ಭುಜ ಸಿಕ್ಕಿದ್ದು 100ಕ್ಕೆ 2.3, ಕಾಯ್ದವರಲ್ಲಿ 3.1. ಕಾಯ್ದ ಗುಂಪಿನಲ್ಲೂ ಎಷ್ಟೋ ಜನಕ್ಕೆ ಬೇಗ ಹೆರಿಗೆಯಾದದ್ದರಿಂದ ವ್ಯತ್ಯಾಸ ಸಣ್ಣದಾಗಿ ಕಂಡಿತು. ನಿಗದಿ ಮಾಡಿದಂತೆಯೇ ನಡೆದವರನ್ನು ಮಾತ್ರ ಹೋಲಿಸಿದಾಗ ಲಾಭ ಇನ್ನೂ ಸ್ಪಷ್ಟವಾಗಿತ್ತು. ಲಾಭ ಇದೆ, ಪವಾಡ ಅಲ್ಲ. ಮೊದಲ ಹೆರಿಗೆ ಕೆಳಗಿನಿಂದ ಆದವರಿಗೆ ಈ ನೋವು ಬರಿಸುವುದು ಚೊಚ್ಚಲಿನವರಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಮೂರನೆಯದು, ನೋವು ತಾನಾಗಿ ಬರಲಿ ಅಂತ ಕಾಯುವುದು. ಆದರೆ ಪೂರ್ತಿ ತಯಾರಿಯೊಂದಿಗೆ. ಅನುಭವ ಇರುವ ಡಾಕ್ಟರ್, ಮಕ್ಕಳ ಡಾಕ್ಟರ್, ಕಾಲು ಹಿಡಿಯಲು ಇಬ್ಬರು, ಹೆರಿಗೆ ಆದ ಮೇಲೆ ರಕ್ತ ನಿಲ್ಲಲು ಬೇಕಾದ ಔಷಧಿ, ಎಲ್ಲ ಮೊದಲೇ ಕೋಣೆಯಲ್ಲಿರಬೇಕು. ತಲೆ ಕೆಳಗೆ ಇಳಿಯದೆ ನೋವು ಎಳೆದರೆ ಮತ್ತೆ ವ್ಯಾಕ್ಯೂಮ್‌ಗೆ ಹೋಗದೆ ಸಿಸೇರಿಯನ್‌ಗೆ ಹೋಗುವುದು ಅಂತ ಮೊದಲೇ ಮಾತಾಗಿರಬೇಕು.

ನೀವು ನನ್ನ ಎದುರು ಕೂತಿದ್ದರೆ? ನಾನು ಸಿಸೇರಿಯನ್ ಕಡೆ ವಾಲುತ್ತಿದ್ದೆ. ಅದಕ್ಕೆ ಕಾರಣ ಮಗುವಿನ ತೂಕ ಒಂದೇ ಅಲ್ಲ. ಕಾರಣ ನೀವು ಯಾರಿಗೂ ಹೇಳದ ಆ ವಿಷಯ. ಹಿಂದಿನ ತನಕ ಹರಿದದ್ದು ಅಂದರೆ ಮಲ, ಗ್ಯಾಸ್ ಹಿಡಿದಿಡುವ ಸ್ನಾಯುವಿಗೆ ಪೆಟ್ಟಾಗಿದೆ, ಮೂರನೇ ಅಥವಾ ನಾಲ್ಕನೇ ಡಿಗ್ರಿ ಇರಬೇಕು. ಹಾಗೆ ಹರಿದು ಪೂರ್ತಿ ವಾಸಿಯಾದವರು ಮತ್ತೆ ಕೆಳಗಿನಿಂದಲೇ ಹೆರಬಹುದು, ಅವರಲ್ಲಿ ಮತ್ತೆ ಹರಿಯುವುದು 100ಕ್ಕೆ 5-7. ಆದರೆ ನಿಮಗೆ ಇನ್ನೂ ತೊಂದರೆ ಉಳಿದಿದೆ. ಇನ್ನೊಂದು ದೊಡ್ಡ ಮಗು ಅದೇ ದಾರಿಯಲ್ಲಿ ಬಂದರೆ ಈಗ ಕೆಲವು ಸಲ ಆಗುವುದು ದಿನಾ ಆಗಬಹುದು. ಗುದದ್ವಾರದ ಸ್ನಾಯು ಎಷ್ಟು ಗಟ್ಟಿ ಇದೆ ಅಂತ ಡಾಕ್ಟರ್ ಕೈಯಿಂದ ಪರೀಕ್ಷೆ ಮಾಡುತ್ತಾರೆ, ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕೇ ಸ್ಕ್ಯಾನಿಂಗ್ ಇರುತ್ತದೆ. ಇದನ್ನು ಕೇಳಿ ಮಾಡಿಸಿಕೊಳ್ಳಿ. ನಾಚಿಕೆ ಬೇಡ, ತಾಯಿ. ಎಷ್ಟೋ ಹೆಂಗಸರು ಇದನ್ನು ಹತ್ತು ವರ್ಷ ಮುಚ್ಚಿಟ್ಟುಕೊಂಡು, ಮದುವೆ ಮುಂಜಿಗೂ ಹೋಗದೆ, ಕೊನೆಗೆ ಬೇರೆ ಯಾವುದೋ ಕಾಯಿಲೆಗೆ ಬಂದಾಗ ಬಾಗಿಲ ಹತ್ತಿರ ನಿಂತು ಪಿಸುಮಾತಿನಲ್ಲಿ ಹೇಳಿದ್ದಾರೆ. ಪರೀಕ್ಷೆಯಲ್ಲಿ ಸ್ನಾಯು ಗಟ್ಟಿ ಇದೆ, ಶುಗರ್ ಇಲ್ಲ, ಮಗುವಿನ ಅಂದಾಜು ತೂಕ ಮೂರೂವರೆ ಆಸುಪಾಸು, ಮತ್ತೆ ನಿಮಗೂ ಕೆಳಗಿನಿಂದಲೇ ಹೆರುವ ಆಸೆ ಇದೆ ಅಂತಾದರೆ ಎರಡನೇ ದಾರಿಯೂ ತಪ್ಪಲ್ಲ. ಕೊನೆಯ ಮಾತು ನಿಮ್ಮದು. ಅತ್ತೆಯದ್ದೂ ಅಲ್ಲ, ಅಮ್ಮನದ್ದೂ ಅಲ್ಲ, ನನ್ನದೂ ಅಲ್ಲ.

ಇನ್ನು ಜಾಗ. ಯಾವ ದಾರಿ ಹಿಡಿದರೂ ನಿಮ್ಮ ಹೆರಿಗೆ ಆಗಬೇಕಾದದ್ದು ಹಗಲು ರಾತ್ರಿ ಅರಿವಳಿಕೆ ಡಾಕ್ಟರ್, ಮಕ್ಕಳ ಡಾಕ್ಟರ್, ರಕ್ತನಿಧಿ ಇರುವ ಕಡೆ. ಹಾಸನದಲ್ಲಿ ಹಿಮ್ಸ್ ಇದೆ, ಮೆಡಿಕಲ್ ಕಾಲೇಜು ಆಸ್ಪತ್ರೆ. ಖಾಸಗಿಗೆ ಹೋಗುವುದಾದರೆ ಒಂದೇ ಪ್ರಶ್ನೆ ಕೇಳಿ. "ಭಾನುವಾರ ರಾತ್ರಿ ಎರಡು ಗಂಟೆಗೆ ನಾನು ಬಂದರೆ ಯಾರು ಇರುತ್ತಾರೆ, ಅರಿವಳಿಕೆ ಡಾಕ್ಟರ್ ಎಷ್ಟು ಹೊತ್ತಿಗೆ ಬರುತ್ತಾರೆ?" ಉತ್ತರ ತಡವರಿಸಿದರೆ ಬೇರೆ ಕಡೆ ನೋಡಿ. ದುಡ್ಡಿನ ಯೋಚನೆ ಇದ್ದರೆ, ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಸೇರಿ ಹೆರಿಗೆ, ಔಷಧಿ, ರಕ್ತ, ಊಟ, ಹೋಗಿ ಬರುವ ವಾಹನ ಎಲ್ಲ ಉಚಿತ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ 2011ರಿಂದ ಇದು ನಿಮ್ಮ ಹಕ್ಕು. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರನ್ನು ಡಾಕ್ಟರ್ ನೋಡುವ ದಿನ ಇರುತ್ತದೆ. ಬರುವ 9ಕ್ಕೆ ಹಳೆಯ ಕಾಗದದೊಂದಿಗೆ ಹೋಗಿ, ತಾಯಿ ಕಾರ್ಡಿನ ಮೇಲೆ ಅಪಾಯದ ಗರ್ಭ ಅಂತ ಬರೆಸಿಕೊಳ್ಳಿ. ಹಿಂದಿನ ಹೆರಿಗೆಯಲ್ಲಿ ಭುಜ ಸಿಕ್ಕಿತ್ತು ಅಂತಲೂ ಬರೆಯಲಿ. ಆ ನಾಲ್ಕು ಅಕ್ಷರದ ಪಕ್ಕದಲ್ಲೇ ಬರೆಯಲಿ.

ದಾರಿ ಮರೆಯಬೇಡಿ. ಜುಲೈ ಅಂದರೆ ನಿಮ್ಮ ಕಡೆ ಮಳೆ ಹೇಗಿರುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಮರ ಬಿದ್ದು ರಸ್ತೆ ಕಟ್ಟುತ್ತದೆ, ಕರೆಂಟ್ ಹೋದರೆ ಟವರ್ ಹೋಗುತ್ತದೆ, 108ಕ್ಕೆ ಫೋನ್ ಮಾಡಲು ಗುಡ್ಡ ಹತ್ತಬೇಕಾಗುತ್ತದೆ. ಸಕಲೇಶಪುರದಿಂದ ಹಾಸನಕ್ಕೇ ಸುಮಾರು 40 ಕಿಲೋಮೀಟರ್, ಅದು ಹೆದ್ದಾರಿ, ಅಲ್ಲಿ ತನಕ ಬರುವುದೇ ಕಷ್ಟ. ಎರಡನೇ ಹೆರಿಗೆ ಬೇಗ ಆಗುತ್ತದೆ ಅಂದೆನಲ್ಲ, ಇಲ್ಲಿ ಅದೇ ತೊಂದರೆ. ಜೀಪಿನಲ್ಲಿ ತಲೆ ಬಂದು ಭುಜ ಸಿಕ್ಕರೆ ಯಾರೇನು ಮಾಡಲಾದೀತು? ಹಾಗಾಗಿ 37 ವಾರ ಆದ ಕೂಡಲೇ, ಅಂದರೆ ಜುಲೈ ಮೊದಲ ವಾರಕ್ಕೆ, ಹಾಸನದಲ್ಲಿ ನೆಂಟರ ಮನೆಯಲ್ಲೋ ಬಾಡಿಗೆ ಕೋಣೆಯಲ್ಲೋ ಬಂದು ಇರಿ. ತವರುಮನೆ ಹಾಸನದ ಹತ್ತಿರ ಇದ್ದರೆ ಇನ್ನೂ ಒಳ್ಳೆಯದು, ಹೇಗೂ ಬಾಣಂತನಕ್ಕೆ ಹೋಗುವವರು ಒಂದು ತಿಂಗಳು ಮುಂಚೆ ಹೋಗಿ. ದೊಡ್ಡ ಮಗು ಹೆತ್ತವರಿಗೆ ರಕ್ತ ಜಾಸ್ತಿ ಹೋಗುತ್ತದೆ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ಈಗಿನಿಂದಲೇ ಸರಿ ಮಾಡಿಕೊಳ್ಳಿ. ಕಬ್ಬಿಣದ ಮಾತ್ರೆಯನ್ನು ಕಾಫಿ ಜೊತೆ ನುಂಗಬೇಡಿ, ಎರಡರ ನಡುವೆ ಒಂದೆರಡು ಗಂಟೆ ಬಿಡಿ. ಕಾಫಿ ಸೀಮೆಯವರಿಗೆ ಇದನ್ನು ಒತ್ತಿ ಹೇಳಲೇಬೇಕು.

ನಿದ್ದೆ ಬರುತ್ತಿಲ್ಲ ಅಂದಿರಿ. ಆ ಕೂಗು ಕಿವಿಯಲ್ಲಿ ಉಳಿದಿದೆ ಅಂದಿರಿ. ಅದು ಹೆದರುಪುಕ್ಕಲುತನ ಅಲ್ಲ, ಪೆಟ್ಟು ತಿಂದ ಮನಸ್ಸು ಹಾಗೇ ಇರುತ್ತದೆ. ಆವತ್ತು ಏನಾಯಿತು ಅಂತ ಯಾರೂ ನಿಮ್ಮನ್ನು ಕೂರಿಸಿಕೊಂಡು ಹೇಳಿಲ್ಲ ಅನಿಸುತ್ತದೆ. ಕೇಸ್ ಶೀಟ್ ಬಂದ ಮೇಲೆ ಡಾಕ್ಟರ್ ಹತ್ತಿರ ಒಂದೊಂದೇ ಸಾಲು ಓದಿಸಿಕೊಳ್ಳಿ, ಯಜಮಾನರೂ ಪಕ್ಕದಲ್ಲಿರಲಿ. ಗ್ಯಾಸಿನ ವಿಷಯ ಡಾಕ್ಟರ್‌ಗೆ ಮೊದಲೇ ಬರೆದುಕೊಡಿ, ಅವರ ಬಾಯಿಂದಲೇ ಯಜಮಾನರಿಗೆ ಅಲ್ಲೇ ಗೊತ್ತಾಗಲಿ, ನೀವೇ ಬಾಯಿ ಬಿಡಬೇಕಾಗಿಲ್ಲ. ಹೆರಿಗೆ ಕೋಣೆಯಲ್ಲಿ ಜೊತೆಗೆ ಒಬ್ಬರು ಇರಬಹುದು ಅಂತ ಸರ್ಕಾರ 2016ರಲ್ಲೇ ಹೇಳಿದೆ. ಅಮ್ಮನೋ ಅಕ್ಕನೋ, ಯಾರು ಅಂತ ಮೊದಲೇ ಹೇಳಿಡಿ. ರಾತ್ರಿ ತಡೆಯಲಾಗದಷ್ಟು ಭಯವಾದರೆ 14416ಕ್ಕೆ ಫೋನ್ ಮಾಡಿ, ಟೆಲಿಮನಸ್ ಅಂತ, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ: ನನ್ನ ಹೆಂಡತಿಗೆ 26 ವಾರ. ಗ್ಲೂಕೋಸ್ ಕುಡಿಸಿ ಮಾಡಿದ ಟೆಸ್ಟ್‌ನಲ್ಲಿ 152 ಬಂತು. ನಮ್ಮ ತಾಯಿ ಇಬ್ಬರ ಊಟ ಮಾಡಬೇಕು ಅಂತ ತುಪ್ಪ, ಹಣ್ಣು, ಕೇಸರಿಬಾತ್ ಕೊಡುತ್ತಿದ್ದಾರೆ. ಅವಳು ಹೆದರಿ ಮುದ್ದೆ, ಅನ್ನ ಎಲ್ಲ ಬಿಟ್ಟು ಎರಡು ಚಪಾತಿ ಮಾತ್ರ ತಿನ್ನುತ್ತಿದ್ದಾಳೆ. ಯಾರದು ಸರಿ?
ಬೇಲೂರು

ಉತ್ತರ: ಇಬ್ಬರದೂ ಅಲ್ಲ. ಉಪವಾಸ ಇದ್ದರೆ ತಾಯಿಗೂ ಮಗುವಿಗೂ ಕೆಟ್ಟದ್ದು. ಮುದ್ದೆ ಬಿಡುವುದು ಬೇಡ, ಗಾತ್ರ ಸಣ್ಣದಾಗಲಿ, ಜೊತೆಗೆ ಸೊಪ್ಪಿನ ಸಾರು, ಮೊಳಕೆ ಹುರುಳಿಕಾಳು, ಮೊಟ್ಟೆ ಜಾಸ್ತಿಯಾಗಲಿ. ಅನ್ನ ಒಂದು ಸಣ್ಣ ಬಟ್ಟಲು. ದಿನಕ್ಕೆ ಎರಡು ಸಲ ಹೊಟ್ಟೆ ತುಂಬ ತಿನ್ನುವ ಬದಲು ಸ್ವಲ್ಪ ಸ್ವಲ್ಪ ಐದಾರು ಸಲ. ಕೇಸರಿಬಾತ್, ಬೆಲ್ಲದ ಕಾಫಿ, ಜ್ಯೂಸ್ ನಿಲ್ಲಿಸಿ. ಬೆಲ್ಲ ಒಳ್ಳೆಯದು, ಸಕ್ಕರೆ ಕೆಟ್ಟದ್ದು ಅನ್ನುವುದು ಶುಗರ್ ವಿಷಯದಲ್ಲಿ ನಡೆಯುವುದಿಲ್ಲ. ಹಲಸಿನ ಹಣ್ಣು ಈಗ ಮನೆ ತುಂಬ ಇರುತ್ತದೆ, ಒಂದೆರಡು ತೊಳೆ ಸಾಕು. ಊಟ ಆದ ಮೇಲೆ ಇಪ್ಪತ್ತು ನಿಮಿಷ ಅಂಗಳದಲ್ಲಿ ನಡೆಯಲಿ, ನೀವೂ ಜೊತೆಗೆ ನಡೆಯಿರಿ. ಎರಡು ವಾರ ಹೀಗೆ ಮಾಡಿ, ಊಟವಾಗಿ ಎರಡು ಗಂಟೆಗೆ ಶುಗರ್ ನೋಡಿಸಿ. 120ರ ಒಳಗೆ ಬಂದರೆ ಹೀಗೇ ಮುಂದುವರಿಸಿ. ಬರದಿದ್ದರೆ ಮಾತ್ರೆ ಅಥವಾ ಇನ್ಸುಲಿನ್ ಕೊಡುತ್ತಾರೆ, ಇನ್ಸುಲಿನ್ ಮಗುವಿಗೆ ಹೋಗುವುದಿಲ್ಲ, ಭಯ ಬೇಡ. ಹುಟ್ಟಿದ ಮೇಲೆ ಮಗುವಿನ ಶುಗರ್ ಇಳಿಯುವ ಸಂಭವ ಇರುತ್ತದೆ. ಒಂದು ಗಂಟೆಯೊಳಗೆ ಮೊಲೆಹಾಲು ಕುಡಿಸಲಿ, ಜೇನುತುಪ್ಪ, ಸಕ್ಕರೆ ನೀರು ನೆಕ್ಕಿಸಬೇಡಿ. ಹೆರಿಗೆಯಾಗಿ ಆರು ವಾರಕ್ಕೆ ಅವಳಿಗೆ ಮತ್ತೆ ಅದೇ ಗ್ಲೂಕೋಸ್ ಟೆಸ್ಟ್ ಮಾಡಿಸಿ. ಬಾಣಂತನದ ಗಡಿಬಿಡಿಯಲ್ಲಿ ಎಲ್ಲರೂ ಮರೆಯುವುದು ಇದನ್ನೇ.

ಪ್ರಶ್ನೆ: ಮಗಳ ಕೂಸಿಗೆ 20 ದಿನ. ಹುಟ್ಟುವಾಗ ಭುಜ ಸಿಕ್ಕಿತ್ತಂತೆ, ಎಡಗೈ ಎತ್ತುವುದಿಲ್ಲ. ಎಣ್ಣೆ ಹಚ್ಚಿ ನೀರು ಹಾಕುವ ಅಜ್ಜಿ, ಕೈ ಎಳೆದು ಎಳೆದು ತಿಕ್ಕಿದರೆ ಸರಿ ಹೋಗುತ್ತದೆ ಅನ್ನುತ್ತಾರೆ. ಮಾಡಿಸಬಹುದಾ?
ಕಡೂರು

ಉತ್ತರ: ಬೇಡಮ್ಮ, ಎಳೆಯಲು ಬಿಡಬೇಡಿ. ಹಿಗ್ಗಿ ನೊಂದ ನರ ಅದು, ಇನ್ನೂ ಎಳೆದರೆ ಇನ್ನೂ ನೋಯುತ್ತದೆ. ಅಜ್ಜಿ ನೀರು ಹಾಕಲಿ, ಆ ಕೈಯನ್ನು ಮಾತ್ರ ಮೆಲ್ಲಗೆ ಆಧಾರ ಕೊಟ್ಟು ಹಿಡಿದುಕೊಳ್ಳಲಿ. ಕಂಕುಳಿಗೆ ಕೈ ಹಾಕಿ ಕೂಸನ್ನು ಎತ್ತಬೇಡಿ, ಬಟ್ಟೆ ಹಾಕುವಾಗ ಆ ಕೈಯನ್ನು ಮೊದಲು ತೂರಿಸಿ, ಬಿಚ್ಚುವಾಗ ಕೊನೆಗೆ ತೆಗೆಯಿರಿ. ಈ ವಾರವೇ ಮಕ್ಕಳ ಡಾಕ್ಟರ್‌ಗೆ ತೋರಿಸಿ, ಕೊರಳ ಮೂಳೆ ಮುರಿದಿದೆಯಾ ಅಂತಲೂ ನೋಡುತ್ತಾರೆ. ಮುರಿದಿದ್ದರೂ ಎಳೆಯ ಮೂಳೆ ಕೆಲವೇ ವಾರದಲ್ಲಿ ತಾನಾಗಿ ಕೂಡಿಕೊಳ್ಳುತ್ತದೆ. ಫಿಸಿಯೋಥೆರಪಿಯವರು ಮನೆಯಲ್ಲೇ ಮಾಡುವ ಸಣ್ಣ ವ್ಯಾಯಾಮ ಕಲಿಸುತ್ತಾರೆ, ನಿಮ್ಮ ಮಗಳೇ ದಿನಕ್ಕೆ ನಾಲ್ಕೈದು ಸಲ ಹಾಲು ಕುಡಿಸುವ ಮುಂಚೆ ಮಾಡಬಹುದು. ಬಹಳ ಮಕ್ಕಳಿಗೆ ವಾರಗಳಲ್ಲೋ ತಿಂಗಳಲ್ಲೋ ಕೈ ಬರುತ್ತದೆ. ಮೂರು ತಿಂಗಳಾದರೂ ಕೂಸು ಮೊಣಕೈ ಮಡಿಸಿ ಕೈಯನ್ನು ಬಾಯಿಗೆ ತರದಿದ್ದರೆ ಮಾತ್ರ ಮತ್ತೆ ಕಾಯಬೇಡಿ, ನರದ ಆಪರೇಷನ್ ಮಾಡುವ ತಜ್ಞರಿಗೆ ತೋರಿಸಬೇಕು, ಅದಕ್ಕೆ ವಯಸ್ಸು ಮೀರಬಾರದು. ಮತ್ತೆ ಒಂದು ಮಾತು, ಮಗಳ ಡಿಸ್ಚಾರ್ಜ್ ಸಮರಿಯಲ್ಲಿ ಭುಜ ಸಿಕ್ಕಿತ್ತು ಅಂತ ಬರೆದಿದೆಯಾ ಅಂತ ಇವತ್ತೇ ತೆಗೆದು ನೋಡಿ. ಬರೆದಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ ಬರೆಸಿ. ಇನ್ನೂ 20 ದಿನ ಅಷ್ಟೇ ಆಗಿದೆ, ಹೆರಿಗೆ ಮಾಡಿಸಿದವರಿಗೆ ನೆನಪಿರುತ್ತದೆ.